ಹನ್ನೊಂದು ಪ್ಯಾಟರ್ನ್ ಬಲ್ಲವಳು ಒಂದು ಬುಕಿಂಗ್‌ನಲ್ಲಿ ಸಿಕ್ಕಿಕೊಂಡ ಪ್ರಕರಣ

ಬಿಳಿ ಹಲಗೆಯ ಮೇಲೆ ಅವಳು ಬರೆದ ಚಿತ್ರ ನೋಡಲು ಚೆನ್ನಾಗಿಯೇ ಇತ್ತು. ಎಡಗಡೆ ಮೊಬೈಲ್ ಆ್ಯಪ್, ಅದರ ಮುಂದೆ ಕೋರಿಕೆಗಳನ್ನು ಬರಮಾಡಿಕೊಳ್ಳುವ ಎಪಿಐ ಗೇಟ್‌ವೇ, ಅದರಾಚೆ ಐದು ಸರ್ವಿಸ್‌ಗಳು (ಬೇರೆಬೇರೆಯಾಗಿ ಓಡುವ ಸಣ್ಣ ಪ್ರೋಗ್ರಾಮ್‌ಗಳು), ಐದಕ್ಕೂ ಒಂದೊಂದು ಡೇಟಾಬೇಸ್, ನಡುವೆ ಮೆಸೇಜ್ ಸಾಗಿಸಲು ಉದ್ದಕ್ಕೆ ಮಲಗಿದ ಕಾಫ್ಕಾ. ಕೇಳಿದ್ದ ಪ್ರಶ್ನೆ ಇಷ್ಟೇ: ಆಸ್ಪತ್ರೆಯೊಂದರಲ್ಲಿ ವೈದ್ಯರ ಅಪಾಯಿಂಟ್‌ಮೆಂಟ್ ಬುಕ್ ಮಾಡುವ ವ್ಯವಸ್ಥೆ ಬೇಕು, ಹೇಗೆ ಕಟ್ಟುತ್ತೀ?

"ಬುಕಿಂಗ್ ಡೇಟಾಬೇಸಿಗೆ ಸೇರಿತು. ಕಾಫ್ಕಾಗೆ ಮೆಸೇಜ್ ಹಾಕುವಷ್ಟರಲ್ಲಿ ಪ್ರೋಗ್ರಾಮ್ ಓಡಿಸುತ್ತಿದ್ದ ಪ್ರೋಸೆಸ್ ಸತ್ತುಹೋಯಿತು. ರೋಗಿಗೆ ಎಸ್ಸೆಮ್ಮೆಸ್ ಹೋಗುತ್ತಾ?" ಅಂತ ಕೇಳಿದೆ.

ಮಾರ್ಕರ್ ಹಿಡಿದ ಕೈ ನಿಂತಿತು. "ಅಕ್ಕಾ, ಹಾಗಾಗೋದು ತುಂಬಾ ಅಪರೂಪ ಅಲ್ವಾ?"

"ಇರಲಿ. ದಿನಕ್ಕೆ ಎಷ್ಟು ಬುಕಿಂಗ್ ಆಗುತ್ತವೆ?"

"ಅದನ್ನ... ನಾನು ಕೇಳಲೇ ಇಲ್ಲ."

ಇದು ಸಾಫ್ಟ್‌ವೇರ್ ಕೆಲಸದ ಅಣಕು ಸಂದರ್ಶನ. ಅಸಲಿಯದರಲ್ಲಿ ಅವಳು ಹಿಂದಿನ ವಾರವಷ್ಟೇ ಹೆಚ್ಚುಕಡಿಮೆ ಇದೇ ಚಿತ್ರ ಬರೆದು, ಹೆಚ್ಚುಕಡಿಮೆ ಇದೇ ಜಾಗದಲ್ಲಿ ನಿಂತು, ಬರಿಗೈಲಿ ವಾಪಸ್ ಬಂದಿದ್ದಳು. ಮುಂದಿನ ಐದು ತಿಂಗಳಲ್ಲಿ ಏನೇನಾಯಿತು ಎಂಬುದು ಈ ಬರಹ. ಅವಳ ಒಪ್ಪಿಗೆ ಇದೆ, ಹೆಸರು ಬೇಡ ಅಂದಿದ್ದಾಳೆ.

ಎರಡೇ ಕಾಲಂನ ನೋಟ್‌ಬುಕ್

ನಾಲ್ಕು ವರ್ಷದ ಅನುಭವ. ಅದರಲ್ಲಿ ಎರಡು ವರ್ಷ ನಾನಿದ್ದ ತಂಡದಲ್ಲೇ ಇದ್ದವಳು, ಹಾಗಾಗಿ ಅವಳ ಕೆಲಸ ನನಗೆ ಗೊತ್ತು. ಬೇರೆಯವರು ಎರಡು ದಿನ ತಡಕಾಡುವ ಬಗ್ಗನ್ನು ಮಧ್ಯಾಹ್ನದೊಳಗೆ ಹಿಡಿದು ತರುತ್ತಾಳೆ. ಸೀನಿಯರ್ ಆಗಬೇಕಾದರೆ ಆರ್ಕಿಟೆಕ್ಚರ್ ಪ್ಯಾಟರ್ನ್, ಅಂದರೆ ಸಾಫ್ಟ್‌ವೇರ್ ಕಟ್ಟುವ ಹೆಸರಾಂತ ಮಾದರಿಗಳು, ಗೊತ್ತಿರಬೇಕು ಎಂದು ಯಾರೋ ಹೇಳಿದ್ದಕ್ಕೆ ಮೂರು ತಿಂಗಳು ಕೂತು ಓದಿದ್ದಳು. ಆ ನೋಟ್‌ಬುಕ್ ತಂದು ತೋರಿಸಿದಳು: ಲೇಯರ್ಡ್, ಎಂವಿಸಿ, ಕ್ಲೈಂಟ್-ಸರ್ವರ್, ಪೈಪ್-ಫಿಲ್ಟರ್, ಮೈಕ್ರೋಕರ್ನಲ್, ಈವೆಂಟ್-ಡ್ರಿವನ್, ಮೈಕ್ರೋಸರ್ವಿಸ್, ಹೆಕ್ಸಾಗನಲ್, ಸಿಕ್ಯೂಆರ್‌ಎಸ್, ಈವೆಂಟ್ ಸೋರ್ಸಿಂಗ್, ಸರ್ವರ್‌ಲೆಸ್. ಒಟ್ಟು ಹನ್ನೊಂದು. ಅಂದವಾದ ಅಕ್ಷರ, ಗೆರೆ ಎಳೆದು ಎರಡು ಕಾಲಂ. ಮೊದಲನೆಯದರಲ್ಲಿ ಹೆಸರು, ಎರಡನೆಯದರಲ್ಲಿ ಲಾಭ. ಲಾಭದ ಕಾಲಂನಲ್ಲಿ 'ಸ್ಕೇಲೆಬಲ್' (ಹೊರೆ ಹೆಚ್ಚಿದರೂ ತಾಳುವಂಥದ್ದು) ಎಂಬ ಪದ ಏಳು ಸಲ ಬಂದಿತ್ತು, 'ಲೂಸ್ಲಿ ಕಪಲ್ಡ್' (ಭಾಗಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಳ್ಳದ್ದು) ಎಂಟು ಸಲ. ಎಲ್ಲದರ ಲಾಭವೂ ಒಂದೇ ಆದಮೇಲೆ ಯಾವುದನ್ನು ಆರಿಸಿದರೇನು? ಹೊಸದಾಗಿ ಕೇಳಿಸುವುದನ್ನು ಆರಿಸಿದರಾಯಿತು. ಅವಳೂ ಅದನ್ನೇ ಮಾಡಿದ್ದಳು.

ತಪ್ಪು ಪೂರ್ತಿ ಅವಳದಲ್ಲ. ಪ್ಯಾಟರ್ನ್ ಎಂಬ ಮಾತು ನಮ್ಮ ಕಸುಬಿಗೆ ಬಂದದ್ದೇ ಕಟ್ಟಡ ಕಟ್ಟುವವರಿಂದ. ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಜೊತೆಗಾರರು 1977ರಲ್ಲಿ ಊರು, ಮನೆ, ಕೋಣೆಗಳಿಗೆ ಸಂಬಂಧಿಸಿದ 253 ಪ್ಯಾಟರ್ನ್ ಬರೆದಾಗ, ಪ್ರತಿಯೊಂದರಲ್ಲೂ ಮೊದಲು ತೊಡಕು ಏನು ಎಂದು ಹೇಳಿ, 'ಆದ್ದರಿಂದ' ಎಂದು ಪರಿಹಾರಕ್ಕೆ ಬರುತ್ತಿದ್ದರು. 1994ರಲ್ಲಿ ನಾಲ್ವರು ಸೇರಿ ಬರೆದ 23 ಡಿಸೈನ್ ಪ್ಯಾಟರ್ನ್‌ಗಳಲ್ಲೂ ಪ್ರತಿಯೊಂದಕ್ಕೆ 'ಪರಿಣಾಮಗಳು' ಎಂಬ ಭಾಗವಿದೆ, ಅಲ್ಲಿ ನಷ್ಟದ ಲೆಕ್ಕವೂ ಇದೆ. ಹದಿನೈದು ನಿಮಿಷದ ಸಾರಾಂಶ ಮಾಡುವವರು ಮೊದಲು ಕೈಬಿಡುವುದು ಈ ಎರಡನ್ನೇ. ತೊಡಕೂ ಇಲ್ಲ, ಬೆಲೆಯೂ ಇಲ್ಲ, ಔಷಧಿಯ ಹೆಸರು ಮಾತ್ರ ಉಳಿಯುತ್ತದೆ.

ಒಪ್ಪಂದ

ಹೊಸ ಪ್ಯಾಟರ್ನ್ ಓದುವುದು ಬಂದ್. ಸಂದರ್ಶನದಲ್ಲಿ ಕೇಳಿದ ಅದೇ ಬುಕಿಂಗ್ ಅಪ್ಲಿಕೇಶನ್ನನ್ನು ವಾರಾಂತ್ಯಗಳಲ್ಲಿ ನಿಜವಾಗಿ ಕಟ್ಟಬೇಕು. ನಾನು ಗ್ರಾಹಕಿಯ ಪಾತ್ರ ವಹಿಸಿ ಆಗಾಗ ಬದಲಾವಣೆ ಕೇಳುತ್ತೇನೆ. ಕೋಡ್ ನೋಯಿಸಿದಾಗ ಮಾತ್ರ ರಚನೆ ಬದಲಿಸಬೇಕು. ಬದಲಿಸಿದ ಮೇಲೆ ಅದನ್ನು ಬೇಕೆಂದೇ ಮುರಿದು ನೋಡಬೇಕು. ಈ ಕೊನೆಯ ಷರತ್ತು ಅವಳಿಗೆ ವಿಚಿತ್ರ ಅನಿಸಿತ್ತು.

ಮೊದಲು ಗಣಿತ. ನಾನು ಕೊಟ್ಟ ಅಂಕಿ: 40 ವೈದ್ಯರು, ಒಬ್ಬೊಬ್ಬರಿಗೆ ದಿನಕ್ಕೆ 20 ಅವಧಿ. ಅಂದರೆ ದಿನಕ್ಕೆ ಹೆಚ್ಚೆಂದರೆ 800 ಬುಕಿಂಗ್. ಅದರಲ್ಲಿ ಅರ್ಧ ಒಂದೇ ಗಂಟೆಯಲ್ಲಿ ನುಗ್ಗಿದವು ಅಂದುಕೊಂಡರೂ 3,600 ಸೆಕೆಂಡಿಗೆ 400, ಒಂಬತ್ತು ಸೆಕೆಂಡಿಗೆ ಒಂದು. ಅವಳು ಈ ಸಾಲನ್ನು ಬರೆದು, ಮೇಲೆ ತಾನೇ ಬಿಡಿಸಿದ್ದ ಐದು ಸರ್ವಿಸ್ ಮತ್ತು ಕಾಫ್ಕಾವನ್ನು ನೋಡಿ, ನಕ್ಕಳು. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಒಂದೇ ಫೈಲಿನಿಂದ ಶುರು

ಮೊದಲ ಆವೃತ್ತಿಯಲ್ಲಿ ಬುಕ್ ಮಾಡುವ ಫಂಕ್ಷನ್ ಒಂದೇ, ಸುಮಾರು 140 ಸಾಲು. ಕೋರಿಕೆ ಓದುತ್ತದೆ, ಅವಧಿ ಖಾಲಿಯೇ ಎಂದು ನೋಡುತ್ತದೆ, ಡೇಟಾಬೇಸಿಗೆ ಬರೆಯುತ್ತದೆ, ಎಸ್ಸೆಮ್ಮೆಸ್ ಕಳಿಸುತ್ತದೆ, ಉತ್ತರ ಕೊಡುತ್ತದೆ. ಇದನ್ನು ಹೀಗೆ ಬರೆಯಲು ಅವಳಿಗೆ ನಾಚಿಕೆ. ನನ್ನ ಮಟ್ಟಿಗೆ ಅದು ಒಳ್ಳೆಯ ಕೋಡ್. ಮೇಲಿನಿಂದ ಕೆಳಗೆ ಓದಿದರೆ ಅರ್ಥವಾಗುತ್ತಿತ್ತು.

ಆಮೇಲೆ ಮೂರು ಬದಲಾವಣೆ ಕೇಳಿದೆ. ಭೇಟಿಗೆ ಎರಡು ಗಂಟೆ ಮೊದಲಿನವರೆಗೆ ಮಾತ್ರ ರದ್ದು ಮಾಡಬಹುದು. ಫೋನ್ ಮಾಡಿದವರಿಗೆ ಸಿಬ್ಬಂದಿಯೂ ಬುಕ್ ಮಾಡಿಕೊಡಬಹುದು. ಎಸ್ಸೆಮ್ಮೆಸ್ ಕಳಿಸುವ ಕಂಪನಿ ಬದಲಾಗಿದೆ. ಮೊದಲೆರಡರ ಹೊತ್ತಿಗೇ 'ಎರಡು ಗಂಟೆ' ಎಂಬ ನಿಯಮ ಮೂರು ಜಾಗದಲ್ಲಿತ್ತು, ಅದರಲ್ಲೊಂದು ಕಡೆ ತಪ್ಪಾಗಿತ್ತು. ಆಗ ಅವಳಾಗಿಯೇ ಕೇಳಿದಳು: "ಅಕ್ಕಾ, ಈಗ ಲೇಯರ್ ಮಾಡ್ಲಾ?"

ಲೇಯರ್ ಮಾಡಿದಳು. ಮೇಲೆ ಕೋರಿಕೆ ಪಡೆಯುವ ಕಂಟ್ರೋಲರ್, ನಡುವೆ ನಿಯಮ ನೋಡುವ ಸರ್ವಿಸ್, ಕೆಳಗೆ ಡೇಟಾಬೇಸ್ ಮುಟ್ಟುವ ರೆಪಾಸಿಟರಿ. ನಿಯಮ ನಡುವಿನ ಪದರಕ್ಕೆ ಬಂದು ಕೂತಿತು, ಒಳ್ಳೆಯದೇ. ಆದರೆ ವೈದ್ಯರ ಹೆಸರು ತೋರಿಸುವಂಥ ಸಣ್ಣ ಕೆಲಸಕ್ಕೂ ಮೂರು ಫೈಲು: ಕಂಟ್ರೋಲರ್ ಸರ್ವಿಸನ್ನು ಕರೆಯುತ್ತದೆ, ಸರ್ವಿಸ್ ಅದನ್ನೇ ರೆಪಾಸಿಟರಿಗೆ ದಾಟಿಸುತ್ತದೆ, ನಡುವಿನವನು ಏನೂ ಮಾಡುವುದಿಲ್ಲ. ಲೇಯರ್ಡ್‌ನ ಹಳೆಯ ಕಾಯಿಲೆ ಇದು, ಸಿಂಕ್‌ಹೋಲ್ ಎಂಬ ಹೆಸರೂ ಇದೆ. ಇಂಥ ಮೆಥಡ್‌ಗಳು ಎಷ್ಟಿವೆ ಎಂದು ಎಣಿಸಲು ಹೇಳಿದೆ. ಹದಿನೆಂಟರಲ್ಲಿ ಹನ್ನೊಂದು. ಬರೀ ಓದುವ ಕೆಲಸಗಳಿಗೆ ನಡುವಿನ ಪದರ ದಾಟಿ ಹೋಗಬಹುದು ಎಂದು ನಿಯಮ ಸಡಿಲಿಸಿದೆವು.

ಇಲ್ಲೇ ಡೇವಿಡ್ ಪಾರ್ನಾಸ್ 1972ರಲ್ಲಿ ಬರೆದ ಪ್ರಬಂಧ ಕೆಲಸಕ್ಕೆ ಬಂತು. ಒಂದು ಸಣ್ಣ ಪ್ರೋಗ್ರಾಮನ್ನು ಎರಡು ರೀತಿಯಲ್ಲಿ ಭಾಗ ಮಾಡಿ ತೋರಿಸುತ್ತಾರೆ: ಕೆಲಸ ನಡೆಯುವ ಹಂತಗಳ ಪ್ರಕಾರ ಒಂದು, ಮುಂದೆ ಬದಲಾಗಬಹುದಾದ ನಿರ್ಧಾರಗಳನ್ನು ಒಂದೊಂದು ಮಾಡ್ಯೂಲಿನಲ್ಲಿ ಬಚ್ಚಿಡುವ ಪ್ರಕಾರ ಇನ್ನೊಂದು. ಅವರ ಒಲವು ಎರಡನೆಯದಕ್ಕೆ. ನಾನು ಕೇಳಿದ್ದ ಮೂರನೆಯ ಬದಲಾವಣೆ, ಎಸ್ಸೆಮ್ಮೆಸ್ ಕಂಪನಿಯದ್ದು, ಪದರಗಳನ್ನೆಲ್ಲ ಸೀಳಿಕೊಂಡು ಹೋಗಿತ್ತು. ಯಾಕೆಂದರೆ ಅವಳ ಪದರಗಳು ಕೆಲಸದ ಹಂತಗಳಾಗಿದ್ದವು. ಬದಲಾಗುವ ವಸ್ತು ಯಾವುದು ಎಂದು ಯಾರೂ ಕೇಳಿರಲಿಲ್ಲ.

(ಎಂವಿಸಿ, ಅಂದರೆ ಮಾಡೆಲ್-ವ್ಯೂ-ಕಂಟ್ರೋಲರ್, ಬಗ್ಗೆ ಒಂದು ಮಾತು. ಅವಳು ಈ ಪದರಗಳನ್ನೂ ಎಂವಿಸಿ ಅನ್ನುತ್ತಿದ್ದಳು. ಅರ್ಧ ಜಗತ್ತು ಹಾಗೇ ಅನ್ನುತ್ತದೆ. 1979ರಲ್ಲಿ ಜೆರಾಕ್ಸ್‌ನ ಪಾರ್ಕ್ ಸಂಶೋಧನಾಲಯದಲ್ಲಿ ಟ್ರಿಗ್ವೆ ರೀನ್‌ಸ್ಕೌಗ್ ಅದನ್ನು ರೂಪಿಸಿದ್ದು ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪರದೆಗಳಿಗಾಗಿ: ಡೇಟಾ ಬದಲಾದರೆ ಅದನ್ನು ತೋರಿಸುತ್ತಿರುವ ನೋಟಗಳಿಗೆ ಸುದ್ದಿ ಮುಟ್ಟಬೇಕು. ಇಡೀ ಸರ್ವರಿನ ರಚನೆಗೆ ಆ ಹೆಸರಿಟ್ಟರೆ ಸಂದರ್ಶನದಲ್ಲಿ ಎದುರಿಗೆ ಕೂತವರು ಮುಖ ನೋಡಿಕೊಳ್ಳುತ್ತಾರೆ.)

ರಾತ್ರಿ ಮಾತ್ರ ಬೀಳುವ ಟೆಸ್ಟ್

ಎಸ್ಸೆಮ್ಮೆಸ್ಸನ್ನು ಒಂದು ಇಂಟರ್‌ಫೇಸಿನ ಹಿಂದೆ ಹಾಕಿದಳು. ಅಪ್ಲಿಕೇಶನ್ನಿನ ಒಳಭಾಗ "ಈ ರೋಗಿಗೆ ಇದನ್ನು ತಿಳಿಸು" ಎಂದಷ್ಟೇ ಹೇಳುತ್ತದೆ. ಯಾವ ಕಂಪನಿ, ಯಾವ ಎಪಿಐ ಎಂಬುದು ಹೊರಗಿನ ಅಡಾಪ್ಟರಿಗೆ ಬಿಟ್ಟದ್ದು. ಅಲಿಸ್ಟೇರ್ ಕೋಬರ್ನ್ 2005ರಲ್ಲಿ ಹೆಕ್ಸಾಗನಲ್ ಆರ್ಕಿಟೆಕ್ಚರ್ ಎಂದು ಬರೆದದ್ದು ಇದನ್ನೇ. ಅವಳ ನೋಟ್‌ಬುಕ್ಕಿನಲ್ಲಿ ಷಟ್ಕೋನದ ಆರು ಮೂಲೆಗೆ ಆರು ಹೆಸರು ತುಂಬಿದ್ದಳು. ಆರಕ್ಕೆ ಅರ್ಥವೇನೂ ಇಲ್ಲ, ಚಿತ್ರ ಬರೆಯುವಾಗ ಪೋರ್ಟ್‌ಗಳನ್ನು (ಒಳಭಾಗ ಹೊರಗಿನೊಡನೆ ಮಾತಾಡುವ ಕಿಂಡಿಗಳನ್ನು) ಹಚ್ಚಲು ಜಾಗ ಬೇಕಿತ್ತು ಅಷ್ಟೇ. ಪೋರ್ಟ್ಸ್ ಆ್ಯಂಡ್ ಅಡಾಪ್ಟರ್ಸ್ ಎಂಬ ಇನ್ನೊಂದು ಹೆಸರೇ ಹೆಚ್ಚು ಪ್ರಾಮಾಣಿಕ.

ಇದರ ನಿಜವಾದ ಬೆಲೆ ತಿಳಿದದ್ದು ಮೂರು ವಾರದ ನಂತರ. ರಾತ್ರಿ ಹತ್ತೂವರೆಗೆ ಫೋನ್ ಬಂತು. ಕೋಡ್ ಮುಟ್ಟಿಲ್ಲ, ಆದರೂ ರದ್ದತಿಯ ಟೆಸ್ಟ್ ಬೀಳುತ್ತಿದೆ. ಮಧ್ಯಾಹ್ನ ಓಡಿಸಿದರೆ ಹಸಿರು, ಈಗ ಕೆಂಪು. ಬೆಳಿಗ್ಗೆ ನೋಡಿದರೆ ಮತ್ತೆ ಹಸಿರು.

ಟೆಸ್ಟ್ ಹೀಗಿತ್ತು: ಈಗಿನಿಂದ ಮೂರು ಗಂಟೆ ನಂತರಕ್ಕೆ ಒಂದು ಭೇಟಿ ಸೃಷ್ಟಿಸು, ರದ್ದು ಮಾಡು, ಒಪ್ಪಿಗೆ ಸಿಗಬೇಕು. ಅವಳು ದಿನಾಂಕದ ಜಾಗದಲ್ಲಿ 'ಇಂದು' ಹಾಕಿ, ಸಮಯಕ್ಕೆ ಮಾತ್ರ ಮೂರು ಗಂಟೆ ಸೇರಿಸಿದ್ದಳು. ರಾತ್ರಿ 9 ದಾಟಿದ ಮೇಲೆ ಮೂರು ಗಂಟೆ ಸೇರಿಸಿದರೆ ಮಧ್ಯರಾತ್ರಿ ದಾಟುತ್ತದೆ. ದಿನಾಂಕ ಮಾತ್ರ ಇಂದಿನದೇ. ಹಾಗಾಗಿ ಭೇಟಿ ಇವತ್ತು ಬೆಳಗಿನ ಜಾವ ಒಂದೂವರೆಗೆ, ಅಂದರೆ ಆಗಲೇ ಮುಗಿದುಹೋದದ್ದು. ರದ್ದು ಮಾಡಲಾಗದು ಎಂದು ಕೋಡ್ ಹೇಳಿದ್ದು ಸರಿಯೇ.

ಟೆಸ್ಟ್ ತಿದ್ದುವುದು ಎರಡು ನಿಮಿಷದ ಕೆಲಸ. ಅವಳು ತಿದ್ದಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಗಡಿಯಾರವೂ ಹೊರಗಿನದೇ ಅಲ್ವಾ ಅಕ್ಕಾ? ಡೇಟಾಬೇಸ್ ಥರ, ಎಸ್ಸೆಮ್ಮೆಸ್ ಥರ." ಮರುದಿನ ಗಡಿಯಾರಕ್ಕೂ ಒಂದು ಪೋರ್ಟ್ ಬಂತು. ಟೆಸ್ಟಿನಲ್ಲಿ ಸಮಯವನ್ನು ತಾನೇ ಕೊಡುತ್ತಾಳೆ: ಸರಿಯಾಗಿ ಎರಡು ಗಂಟೆ ಮೊದಲು, ಎರಡು ಗಂಟೆಗೆ ಒಂದು ಸೆಕೆಂಡ್ ಕಡಿಮೆ, ಮಧ್ಯರಾತ್ರಿ. ಅಲ್ಲಿಯವರೆಗೂ ಹೆಕ್ಸಾಗನಲ್ ಎಂದರೆ ಡೇಟಾಬೇಸ್ ಬದಲಿಸುವ ಸೌಲಭ್ಯ ಎಂದುಕೊಂಡಿದ್ದಳು. ಡೇಟಾಬೇಸನ್ನು ಯಾರು ದಿನಾ ಬದಲಿಸುತ್ತಾರೆ? ಗಡಿಯಾರ ಮಾತ್ರ ಪ್ರತಿ ಟೆಸ್ಟಿಗೂ ಬೇಕು.

ಪ್ಯಾಟರ್ನೇ ಬೇಡದ ಸಮಸ್ಯೆ

ಒಂದೇ ಅವಧಿಗೆ ಇಬ್ಬರು ಒಂದೇ ಕ್ಷಣಕ್ಕೆ ಬುಕ್ ಒತ್ತಿದರೆ? ಇಬ್ಬರ ಕೋರಿಕೆಯೂ 'ಖಾಲಿಯೇ?' ಎಂದು ನೋಡುತ್ತದೆ, ಇಬ್ಬರಿಗೂ ಹೌದು ಎಂಬ ಉತ್ತರ, ಇಬ್ಬರದೂ ಸೇರುತ್ತದೆ. ಅವಳು ರೆಡಿಸ್ ಎಂಬ ಇನ್ನೊಂದು ಡೇಟಾ ಸಂಗ್ರಹ ಇಟ್ಟು ಡಿಸ್ಟ್ರಿಬ್ಯೂಟೆಡ್ ಲಾಕ್ (ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಬೀಗ) ಬರೆಯಲು ಹೊರಟಳು. ಲಾಕ್ ಹಿಡಿದ ಪ್ರೋಸೆಸ್ ಸತ್ತರೆ ಏನು, ಗಡುವು ಮುಗಿದು ಲಾಕ್ ಬಿಟ್ಟುಹೋದ ಮೇಲೆ ಅದೇ ಪ್ರೋಸೆಸ್ ಎಚ್ಚೆತ್ತು ಬರೆದರೆ ಏನು ಎಂದು ಕೇಳುತ್ತ ಹೋದೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಬುಕಿಂಗಿನ ಸಾಲುಗಳು ಬಂದು ಸೇರುವುದು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಒಂದೇ ಟೇಬಲಿಗೆ. ವೈದ್ಯರು ಮತ್ತು ಸಮಯ ಎರಡೂ ಸೇರಿ ಒಮ್ಮೆ ಮಾತ್ರ ಬರಬೇಕು ಎಂಬ ಯುನೀಕ್ ಇಂಡೆಕ್ಸ್ ಹಾಕಿದರೆ ಎರಡನೆಯವರಿಗೆ ಡೇಟಾಬೇಸೇ ಬೇಡ ಅನ್ನುತ್ತದೆ. ರದ್ದಾದ ಬುಕಿಂಗುಗಳನ್ನು ಲೆಕ್ಕಕ್ಕೆ ಹಿಡಿಯದಂತೆ ಇಂಡೆಕ್ಸಿಗೆ ಷರತ್ತು ಸೇರಿಸಿದಳು. ಒಂದೇ ಸಾಲು. ಅವಳ ಹನ್ನೊಂದರ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಒಡೆದದ್ದು

ಮೂರನೇ ತಿಂಗಳು ಅವಳಿಗೆ ಅಸಹನೆ ಶುರುವಾಯಿತು. "ಎಲ್ಲ ಜಾಹೀರಾತಿನಲ್ಲೂ ಮೈಕ್ರೋಸರ್ವಿಸ್ ಅಂತ ಕೇಳ್ತಾರೆ ಅಕ್ಕಾ. ನೀವು ಬೇಡ ಬೇಡ ಅಂತೀರ." ನ್ಯಾಯವಾದ ಮಾತು. ನಾನು ಬದಲಾವಣೆಗಳನ್ನು ನನಗೆ ಬೇಕಾದ ಸರದಿಯಲ್ಲಿ ಕೇಳಿ, ನನಗೆ ಬೇಕಾದ ಪಾಠಕ್ಕೆ ಅವಳನ್ನು ತಂದು ನಿಲ್ಲಿಸುತ್ತಿದ್ದೆ. ಅದೂ ಅವಳಿಗೆ ಗೊತ್ತಾಗಿತ್ತು. ಸರಿ, ಈ ಒಂದೇ ಅಪ್ಲಿಕೇಶನ್ನನ್ನು ಸಣ್ಣ ಸಣ್ಣ ಸರ್ವಿಸ್‌ಗಳಾಗಿ ಒಡೆ ಅಂದೆ.

ಮೂರು ವಾರದಲ್ಲಿ ನಾಲ್ಕು ಸರ್ವಿಸ್ ಆದವು: ಬುಕಿಂಗ್, ವೈದ್ಯರು, ರೋಗಿಗಳು, ಸೂಚನೆ. ಮೊದಲ ಏಟು ಬಿದ್ದದ್ದು 'ಇಂದಿನ ಭೇಟಿಗಳು' ಎಂಬ ಪುಟಕ್ಕೆ. ಮೊದಲು ಅದು ಮೂರು ಟೇಬಲ್ ಜೋಡಿಸುವ ಒಂದೇ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ). ಈಗ 20 ಸಾಲಿನ ಪುಟಕ್ಕೆ ಬುಕಿಂಗ್ ಪಟ್ಟಿಗೊಂದು ಕರೆ, ಪ್ರತಿ ಸಾಲಿಗೆ ವೈದ್ಯರ ಹೆಸರಿಗೊಂದು, ರೋಗಿಯ ಹೆಸರಿಗೊಂದು. ಒಟ್ಟು 41. ಗುಂಪಾಗಿ ಕೇಳುವಂತೆ ಮಾಡಿ ಮೂರಕ್ಕೆ ಇಳಿಸಿದಳು. ಆಮೇಲೆ ರೋಗಿಗಳ ಸರ್ವಿಸನ್ನು ನಿಲ್ಲಿಸಿ ಪುಟ ತೆರೆದೆವು. ಪೂರ್ತಿ ಖಾಲಿ.

ಇದಕ್ಕೂ ಲೆಕ್ಕ ಬರೆಸಿದೆ. ಒಂದೊಂದು ಸರ್ವಿಸ್ ಶೇ 99.9ರಷ್ಟು ಹೊತ್ತು ಬದುಕಿದ್ದರೆ 30 ದಿನದ ತಿಂಗಳಿಗೆ ಸುಮಾರು 43 ನಿಮಿಷ ಸತ್ತಿರುತ್ತದೆ. ಪುಟಕ್ಕೆ ಮೂರೂ ಬೇಕು, ಮೂರೂ ಬೇರೆಬೇರೆ ಹೊತ್ತಿನಲ್ಲಿ ಬೀಳುತ್ತವೆ ಎಂದರೆ ಸುಮಾರು 130 ನಿಮಿಷ. ಬಿಡಿಬಿಡಿ ಮಾಡಿದರೆ ಗಟ್ಟಿಯಾಗುತ್ತದೆ ಎಂದು ಓದಿದ್ದವಳಿಗೆ ಇದು ತಲೆಕೆಳಗಾಗಿ ಕಂಡಿತು. ಒಂದು ಬಿದ್ದರೂ ಉಳಿದದ್ದು ನಡೆಯಲಿ ಎಂದು ಬೇರೆ ಕೆಲಸ ಮಾಡದಿದ್ದರೆ, ಸರಣಿಯಲ್ಲಿ ಕಟ್ಟಿದ ಸರ್ವಿಸ್‌ಗಳು ಒಂದರ ಸಾವನ್ನು ಇನ್ನೊಂದು ಹಂಚಿಕೊಳ್ಳುತ್ತವೆ. ಹೆಸರು ಸಿಗದಿದ್ದರೆ ಐಡಿ ತೋರಿಸುವಂತೆ ಪುಟ ಬದಲಿಸಿದಳು.

ಹತ್ತು ಸೆಕೆಂಡ್ ನಿದ್ದೆ

ಇಡೀ ಐದು ತಿಂಗಳಲ್ಲಿ ನನಗೆ ನೆನಪುಳಿದ ಭಾನುವಾರ ಇದು. ಮೊದಲ ದಿನ ಬಿಳಿ ಹಲಗೆಯ ಮುಂದೆ ಕೇಳಿದ್ದ ಪ್ರಶ್ನೆಗೆ ವಾಪಸ್ ಬಂದಿದ್ದೆವು. ಕೋಡಿನಲ್ಲಿ ಎರಡು ಸಾಲು ಒಂದರ ಕೆಳಗೊಂದು ಇದ್ದವು: ಡೇಟಾಬೇಸಿಗೆ ಕಮಿಟ್ (ಬರೆದದ್ದನ್ನು ಖಾಯಂ ಮಾಡುವುದು), ಕ್ಯೂಗೆ ಪಬ್ಲಿಶ್ (ಮೆಸೇಜನ್ನು ಸರದಿಗೆ ಹಾಕುವುದು). ನಡುವೆ ಹತ್ತು ಸೆಕೆಂಡ್ ಸ್ಲೀಪ್ ಹಾಕಿಸಿದೆ. ಬುಕ್ ಒತ್ತಿದಳು, ಆ ಹತ್ತು ಸೆಕೆಂಡಿನಲ್ಲಿ ಇನ್ನೊಂದು ಟರ್ಮಿನಲ್ಲಿನಿಂದ ಪ್ರೋಸೆಸ್ ಕೊಂದಳು. ಬುಕಿಂಗ್ ಇದೆ, ಮೆಸೇಜ್ ಇಲ್ಲ. ಅಪರೂಪ ಎಂದಿದ್ದಳಲ್ಲ, ಹೊಸ ಆವೃತ್ತಿ ಹಾಕುವಾಗೆಲ್ಲ ಪ್ರೋಸೆಸ್ ಸಾಯುತ್ತದೆ ಎಂದು ಆಗ ಹೊಳೆಯಿತು.

"ಹಾಗಾದ್ರೆ ಮೊದಲು ಪಬ್ಲಿಶ್, ಆಮೇಲೆ ಕಮಿಟ್." ಸಾಲು ಅದಲುಬದಲು ಮಾಡಿದಳು. ಈ ಸಲ ಕೊಲ್ಲುವುದೂ ಬೇಕಾಗಲಿಲ್ಲ. ಅದೇ ಅವಧಿಗೆ ಎರಡನೆಯ ಬುಕಿಂಗ್ ಒತ್ತಿದಳು. ಯುನೀಕ್ ಇಂಡೆಕ್ಸ್ ಬೇಡ ಅಂದಿತು, ಆದರೆ ಅಷ್ಟರಲ್ಲಿ 'ನಿಮ್ಮ ಭೇಟಿ ಖಚಿತ' ಎಂಬ ಎಸ್ಸೆಮ್ಮೆಸ್ ಹೋಗಿಯಾಗಿತ್ತು. ಇದು ಮೊದಲಿನದಕ್ಕಿಂತ ಕೆಟ್ಟದ್ದು, ರೋಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

ಎರಡು ಬೇರೆ ಜಾಗಕ್ಕೆ ಬರೆಯಬೇಕು, ಎರಡಕ್ಕೂ ಒಂದೇ ಟ್ರಾನ್ಸಾಕ್ಷನ್ (ಪೂರ್ತಿ ಆಗುವ, ಇಲ್ಲವೇ ಏನೂ ಆಗದ ಬರವಣಿಗೆ) ಇಲ್ಲ: ಯಾವ ಸರದಿಯೂ ಕಾಪಾಡುವುದಿಲ್ಲ. ಅವಳು ಇದನ್ನು ಕೈಯಾರೆ ಎರಡು ಕಡೆಯಿಂದ ಮುರಿದು ನೋಡಿದ ಮೇಲೆ ಔಟ್‌ಬಾಕ್ಸ್ ಎಂಬ ಪ್ಯಾಟರ್ನ್ ವಿವರಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಬುಕಿಂಗ್ ಸೇರಿಸುವ ಅದೇ ಟ್ರಾನ್ಸಾಕ್ಷನ್ನಿನಲ್ಲಿ, ಅದೇ ಡೇಟಾಬೇಸಿನ ಇನ್ನೊಂದು ಟೇಬಲಿಗೆ 'ಈ ಮೆಸೇಜ್ ಕಳಿಸಬೇಕು' ಎಂಬ ಸಾಲು ಬರೆ. ಎರಡೂ ಸೇರುತ್ತವೆ, ಇಲ್ಲವೇ ಎರಡೂ ಇಲ್ಲ. ಬೇರೊಂದು ಪ್ರೋಸೆಸ್ ಆ ಟೇಬಲ್ ನೋಡುತ್ತ ಒಂದೊಂದನ್ನೇ ಕ್ಯೂಗೆ ಹಾಕಿ 'ಕಳಿಸಿದೆ' ಎಂದು ಗುರುತಿಡುತ್ತದೆ.

ಅವಳೇ, ನಾನು ಹೇಳುವ ಮೊದಲೇ, ಆ ಪ್ರೋಸೆಸ್ಸಿನೊಳಗೂ ಹತ್ತು ಸೆಕೆಂಡ್ ನಿದ್ದೆ ಇಟ್ಟಳು. ಕಳಿಸಿದ ಮೇಲೆ, ಗುರುತಿಡುವ ಮೊದಲು. ಕೊಂದಳು, ಮತ್ತೆ ಎಬ್ಬಿಸಿದಳು. ಅದೇ ಮೆಸೇಜ್ ಎರಡನೇ ಸಲ ಹೋಯಿತು. ಸರಿ, ಪಡೆಯುವ ಕಡೆ ಮೆಸೇಜ್ ಐಡಿ ಬರೆದಿಟ್ಟು, ನೋಡಿದ್ದನ್ನು ಬಿಡುವಂತೆ ಮಾಡಿದಳು. ಆಮೇಲೆ ಅಲ್ಲೂ ನಿದ್ದೆ: ಎಸ್ಸೆಮ್ಮೆಸ್ ಕಂಪನಿಯ ಎಪಿಐ ಕರೆದ ನಂತರ, ಐಡಿ ಬರೆದಿಡುವ ಮೊದಲು. ಕೊಂದಳು. ಫೋನ್ ಎರಡು ಸಲ ಟಿಂಗ್ ಅಂದಿತು.

"ಇದು ಎಲ್ಲಿ ಮುಗಿಯುತ್ತೆ ಅಕ್ಕಾ?"

ಮುಗಿಯುವುದಿಲ್ಲ. ಆ ಕಂಪನಿ ಐಡೆಂಪೊಟೆನ್ಸಿ ಕೀ ತೆಗೆದುಕೊಂಡರೆ, ಅಂದರೆ ಒಂದೇ ಕೀ ಇರುವ ಎರಡನೇ ಕೋರಿಕೆಯನ್ನು ಅವರೇ ಬಿಟ್ಟುಬಿಟ್ಟರೆ, ತೂತು ಅವರ ಅಂಗಳಕ್ಕೆ ಹೋಗುತ್ತದೆ. ಇಲ್ಲದಿದ್ದರೆ ನಮ್ಮ ಮುಂದೆ ಉಳಿಯುವುದು ಆಯ್ಕೆ: ಯಾವಾಗಲೋ ಒಮ್ಮೆ ಎರಡು ಎಸ್ಸೆಮ್ಮೆಸ್, ಅಥವಾ ಯಾವಾಗಲೋ ಒಮ್ಮೆ ಸೊನ್ನೆ. ಇದಕ್ಕೆ ಉತ್ತರ ಕೋಡಿನಲ್ಲಿಲ್ಲ. ಗ್ರಾಹಕಿಯ ಪಾತ್ರದಲ್ಲಿದ್ದ ನನ್ನನ್ನು ಅವಳು ಕೇಳಬೇಕಾಯಿತು, ನಾನು ಎರಡಾದರೂ ಪರವಾಗಿಲ್ಲ ಅಂದೆ. ಹಣ ಕಡಿತವಾಗುವ ಕೆಲಸವಾಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ.

ಹಣದ ಮಾತು ಬಂದಾಗ ಸಾಗಾ ಎಂಬ ಪ್ಯಾಟರ್ನ್ ಕೂಡ ಬಂತು: ಪಾವತಿ ಆಯಿತು, ಅವಧಿ ತಪ್ಪಿತು, ಹಾಗಾದರೆ ಹಣ ಹಿಂದಿರುಗಿಸುವ ಹೆಜ್ಜೆಯನ್ನೂ ಮೊದಲೇ ಬರೆದಿಟ್ಟಿರಬೇಕು. ಈ ಹೆಸರು ಮೈಕ್ರೋಸರ್ವಿಸ್‌ಗಿಂತ ಹಳೆಯದು. ಗಾರ್ಸಿಯಾ-ಮೊಲಿನಾ ಮತ್ತು ಸೇಲಂ 1987ರಲ್ಲಿ ಡೇಟಾಬೇಸಿನಲ್ಲಿ ತುಂಬಾ ಹೊತ್ತು ನಡೆಯುವ ಟ್ರಾನ್ಸಾಕ್ಷನ್‌ಗಳ ಬಗ್ಗೆ ಬರೆದ ಪ್ರಬಂಧದ್ದು. ಅವಳಿಗೆ ಆ ವರ್ಷ ಕೇಳಿ ಆಶ್ಚರ್ಯ.

ಮತ್ತೆ ಸೇರಿಸಿದ್ದು

ನಾಲ್ಕು ಸರ್ವಿಸ್, ನಾಲ್ಕು ಡೇಟಾಬೇಸ್, ನಾಲ್ಕು ಡಿಪ್ಲಾಯ್ (ಸರ್ವರಿಗೆ ಹೊಸ ಆವೃತ್ತಿ ಹಾಕುವುದು). ಮಾಡುವವಳು ಒಬ್ಬಳು. ಮೆಲ್ವಿನ್ ಕಾನ್ವೇ 1968ರಲ್ಲೇ ಹೇಳಿದ್ದಾರೆ, ಸಂಸ್ಥೆಯ ಸಂವಹನ ಹೇಗಿದೆಯೋ ವ್ಯವಸ್ಥೆಯ ರಚನೆಯೂ ಹಾಗೇ ಆಗುತ್ತದೆ ಎಂದು. ಇಲ್ಲಿ ಒಬ್ಬಳೇ ತನ್ನೊಡನೆ ನೆಟ್‌ವರ್ಕ್ ಮೂಲಕ ಮಾತಾಡುತ್ತಿದ್ದಳು. ಮೈಕ್ರೋಸರ್ವಿಸ್ ಬಗ್ಗೆ 2014ರಲ್ಲಿ ಜೇಮ್ಸ್ ಲೂಯಿಸ್ ಜೊತೆ ಪ್ರಭಾವಿ ಲೇಖನ ಬರೆದ ಮಾರ್ಟಿನ್ ಫೌಲರ್ ಅವರೇ ಮರುವರ್ಷ, ಮೊದಲು ಮಾನೊಲಿತ್ (ಎಲ್ಲವೂ ಸೇರಿದ ಒಂದೇ ಅಪ್ಲಿಕೇಶನ್) ಕಟ್ಟಿ ಎಂದು ಬರೆದರು. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ, ವಿಡಿಯೋ ಗುಣಮಟ್ಟ ಪರೀಕ್ಷಿಸುವ ತನ್ನ ಬಿಡಿಬಿಡಿ ವ್ಯವಸ್ಥೆಯನ್ನು ಒಂದೇ ಪ್ರೋಸೆಸ್ಸಿಗೆ ತಂದು ಖರ್ಚನ್ನು ಶೇ 90ಕ್ಕೂ ಹೆಚ್ಚು ಇಳಿಸಿಕೊಂಡಿತು. ಇದನ್ನು ಓದಿ ಅವಳು ಇನ್ನೊಂದು ತುದಿಗೆ ಹಾರಿದಳು, "ಮೈಕ್ರೋಸರ್ವಿಸ್ ಸತ್ತುಹೋಯ್ತು ಅಲ್ವಾ?" ಇಲ್ಲ. ಅದು ಒಂದು ತಂಡದ ಒಂದು ಉಪಕರಣದ ಕತೆ, ಇಡೀ ಪ್ರೈಮ್ ವಿಡಿಯೋದ್ದಲ್ಲ. ಹತ್ತಾರು ತಂಡಗಳು ಒಬ್ಬರ ಬಿಡುಗಡೆಗೆ ಇನ್ನೊಬ್ಬರು ಕಾಯುತ್ತ ಕೂತಿರುವಲ್ಲಿ ಒಡೆಯುವುದೇ ಸರಿ.

ಬುಕಿಂಗ್, ವೈದ್ಯರು, ರೋಗಿಗಳು ಮೂರೂ ಒಂದೇ ಅಪ್ಲಿಕೇಶನ್ನಿನೊಳಗೆ ಮೂರು ಮಾಡ್ಯೂಲ್ ಆಗಿ ಬಂದವು. ಸೂಚನೆಯನ್ನು ಹೊರಗೇ ಬಿಟ್ಟಳು, ಔಟ್‌ಬಾಕ್ಸ್ ಮೂಲಕ. ಹೊರಗಿನ ಕಂಪನಿ ನಿಧಾನವಾದರೆ ಬುಕಿಂಗ್ ನಿಲ್ಲಬಾರದು ಎಂಬುದು ಅದಕ್ಕೆ ಕಾರಣ, ಮತ್ತು ಆ ಕಾರಣ ಅವಳೇ ಕೊಟ್ಟದ್ದು. ಒಂದು ಮಾಡ್ಯೂಲ್ ಇನ್ನೊಂದರ ಟೇಬಲ್ ಮುಟ್ಟಿದರೆ ಬಿಲ್ಡ್ (ಕೋಡಿನಿಂದ ಅಪ್ಲಿಕೇಶನ್ ತಯಾರಾಗುವ ಹಂತ) ಬೀಳುವಂತೆ ಒಂದು ತಪಾಸಣೆ ಬರೆದಳು. ಆ ತಪಾಸಣೆಯನ್ನು ನಾನು ತೆಗೆಸಿ, ಎರಡು ವಾರ ಹಾಗೇ ಬಿಟ್ಟು, ಮತ್ತೆ ಹಾಕಿಸಿದೆ. ಅಷ್ಟರಲ್ಲೇ ಐದು ಕಡೆ ಗಡಿ ದಾಟಿದ್ದಳು, ಎಲ್ಲವೂ 'ಸದ್ಯಕ್ಕೆ' ಎಂದು. 1997ರಲ್ಲಿ ಬ್ರಯನ್ ಫೂಟ್ ಮತ್ತು ಜೋಸೆಫ್ ಯೋಡರ್ 'ದೊಡ್ಡ ಕೆಸರುಂಡೆ' ಎಂದು ಕರೆದದ್ದು ಇಂಥ ಸದ್ಯಕ್ಕೆಗಳ ರಾಶಿಯನ್ನು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಆರ್ಕಿಟೆಕ್ಚರ್ ಬಹುಶಃ ಅದೇ.

ಈವೆಂಟ್ ಸೋರ್ಸಿಂಗ್ (ಆದ ಪ್ರತಿ ಬದಲಾವಣೆಯನ್ನೂ ಸರದಿಯಾಗಿ ದಾಖಲಿಸಿಡುವ ಪ್ಯಾಟರ್ನ್) ಎರಡು ದಿನ ಪ್ರಯತ್ನಿಸಿ ಬಿಟ್ಟೆವು. ಹಿಂದಿನದನ್ನು ಕೇಳುವ ಪ್ರಶ್ನೆ ಒಂದೇ ಇತ್ತು, ಯಾರು ರದ್ದು ಮಾಡಿದರು ಎಂಬುದು. ಅದಕ್ಕೊಂದು ಆಡಿಟ್ ಟೇಬಲ್ ಸಾಕಾಯಿತು. ಪೈಪ್-ಫಿಲ್ಟರ್, ಮೈಕ್ರೋಕರ್ನಲ್‌ಗಳಿಗೆ ಈ ಅಪ್ಲಿಕೇಶನ್ನಿನಲ್ಲಿ ಕೆಲಸವೇ ಇರಲಿಲ್ಲ.

ಪ್ರತಿ ತಿರುವಿನಲ್ಲೂ ಅರ್ಧ ಪುಟ ಬರೆಯಬೇಕು ಎಂದು ಹೇಳಿದ್ದೆ: ಸಂದರ್ಭ, ನಿರ್ಧಾರ, ಸ್ಥಿತಿ, ಪರಿಣಾಮ. ಮೈಕಲ್ ನೈಗಾರ್ಡ್ 2011ರಲ್ಲಿ ಸೂಚಿಸಿದ ಈ ಕ್ರಮಕ್ಕೆ ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್) ಎನ್ನುತ್ತಾರೆ. ಏಳು ಬರೆದಳು. ಐದನೆಯದು ಇದು, ಅವಳ ಮಾತಿನಲ್ಲೇ:

"ಸಂದರ್ಭ: ಕಮಿಟ್ ಮತ್ತು ಪಬ್ಲಿಶ್ ನಡುವೆ ಪ್ರೋಸೆಸ್ ಸತ್ತರೆ ಎಸ್ಸೆಮ್ಮೆಸ್ ತಪ್ಪುತ್ತದೆ. ಕೊಂದು ನೋಡಿದ್ದೇನೆ. ನಿರ್ಧಾರ: ಔಟ್‌ಬಾಕ್ಸ್ ಟೇಬಲ್. ಸ್ಥಿತಿ: ಒಪ್ಪಿಗೆಯಾಗಿದೆ. ಪರಿಣಾಮ: ಕೆಲವೊಮ್ಮೆ ಎರಡು ಎಸ್ಸೆಮ್ಮೆಸ್ ಹೋಗುತ್ತವೆ, ಗ್ರಾಹಕರು ಒಪ್ಪಿದ್ದಾರೆ. ಮೆಸೇಜ್ ಒಂದೆರಡು ಸೆಕೆಂಡ್ ತಡ. ಟೇಬಲ್ ಬೆಳೆಯುತ್ತದೆ, ಹಳೆಯ ಸಾಲು ಅಳಿಸುವ ಕೆಲಸ ಯಾರಾದರೂ ಮಾಡಬೇಕು, ಇನ್ನೂ ಬರೆದಿಲ್ಲ."

'ಇನ್ನೂ ಬರೆದಿಲ್ಲ' ಓದಿ ನನಗೆ ಖುಷಿಯಾಯಿತು. ನೋಟ್‌ಬುಕ್ಕಿನಲ್ಲಿ ಇಲ್ಲದ ಮೂರನೇ ಕಾಲಂ ಅದು.

ಆಮೇಲೆ

ಎರಡು ಕಡೆ ಸಂದರ್ಶನಕ್ಕೆ ಹೋದಳು. ಮೊದಲನೆಯ ಕಡೆ ಹತ್ತು ನಿಮಿಷ ಬರೀ ಪ್ರಶ್ನೆ ಕೇಳಿ, ಎರಡು ಡಬ್ಬಿ ಮತ್ತು ಒಂದು ಡೇಟಾಬೇಸ್ ಬರೆದಳು. ನೂರು ಪಟ್ಟು ಜನ ಬಂದರೆ ಎಂದು ಕೇಳಿದರಂತೆ. ದಿನಕ್ಕೆ 80,000, ಅರ್ಧ ಒಂದೇ ಗಂಟೆಯಲ್ಲಿ ಬಂದರೂ ಸೆಕೆಂಡಿಗೆ 11, ಇದೇ ಡೇಟಾಬೇಸ್ ತಡೆಯುತ್ತದೆ, ಮೊದಲು ಉಸಿರುಗಟ್ಟುವುದು ಎಸ್ಸೆಮ್ಮೆಸ್ ಕ್ಯೂ ಎಂದಳು. 'ಸ್ಕೇಲ್ ಬಗ್ಗೆ ಯೋಚನೆ ಸಾಲದು' ಎಂಬ ಷರಾದೊಂದಿಗೆ ತಿರಸ್ಕಾರ ಬಂತು. ಅವರಿಗೆ ಬೇಕಿದ್ದದ್ದು ಬಹುಶಃ ಅವಳ ಹಳೆಯ ಚಿತ್ರ. ಎರಡನೆಯ ಕಡೆ ಅದೇ ಎರಡು ಡಬ್ಬಿ ಬರೆದಾಗ, ಎದುರಿಗಿದ್ದವರು ಎದ್ದು ಬಂದು ಔಟ್‌ಬಾಕ್ಸ್ ಮೇಲೆ ಬೆರಳಿಟ್ಟು ಮುಕ್ಕಾಲು ಗಂಟೆ ಅದನ್ನೇ ಕೆದಕಿದರಂತೆ. ಅಲ್ಲಿ ಕೆಲಸ ಸಿಕ್ಕಿತು.

ಸೇರಿದ ಎರಡನೇ ತಿಂಗಳಲ್ಲಿ ರಾತ್ರಿ ಮೆಸೇಜ್ ಬಂತು. ಅಲ್ಲಿನ ಕೋಡಿನಲ್ಲಿ ಕಮಿಟ್ ಆದ ಮುಂದಿನ ಸಾಲಿನಲ್ಲೇ ಪಬ್ಲಿಶ್ ಇದೆಯಂತೆ, ವರ್ಷಗಳಿಂದ. ಟೆಸ್ಟ್ ಸರ್ವರಿನಲ್ಲಿ ನಡುವೆ ಹತ್ತು ಸೆಕೆಂಡ್ ನಿದ್ದೆ ಹಾಕಿ, ಕೊಂದು ನೋಡಿದ್ದಾಳೆ. ಕೆಳಗೆ ಒಂದು ಪ್ರಶ್ನೆ: "ಎರಡು ಸಲ ಹೋದರೆ ಪರವಾಗಿಲ್ವಾ, ಹೋಗದೇ ಇದ್ದರೆ ಪರವಾಗಿಲ್ವಾ ಅಂತ ಇಲ್ಲಿ ಯಾರನ್ನ ಕೇಳಬೇಕು ಅಂತಲೇ ಯಾರಿಗೂ ಗೊತ್ತಿಲ್ಲ ಅಕ್ಕಾ. ನಾಳೆ ಯಾರ ಹತ್ತಿರ ಹೋಗ್ಲಿ?"